ಲಾರಿಯಿಂದ ಈಗಷ್ಟೇ ಇಳಿದ ಟ್ರೌಟ್‌ಗೆ ಗಾಳ ಹಾಕುವುದು ಸರಿಯೇ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಮೀನು, ನೀರು, ಗಾಳ

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ಈಗ ಪೆನ್ಸಿಲ್ವೇನಿಯಾದಲ್ಲಿ ಕೆಲಸ. ಊರಲ್ಲಿ ಹೊಳೆಬದಿ ಗಾಳ ಹಾಕಿ ಬೆಳೆದವನಾದ್ದರಿಂದ ಇಲ್ಲೂ ಲೈಸೆನ್ಸ್ ಮಾಡಿಸಿಕೊಂಡೆ. ಏಪ್ರಿಲ್ ಕೊನೆಯಲ್ಲಿ ಸಹೋದ್ಯೋಗಿಯೊಬ್ಬರು ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯಲು ಕರೆದುಕೊಂಡು ಹೋದರು. ಸರ್ಕಾರದ ಲಾರಿ ಬಂತು, ಸೇತುವೆ ಪಕ್ಕ ಮೀನು ಬಿಟ್ಟು ಹೋಯಿತು. ಅದು ಹೊರಟ ಕೂಡಲೇ ಎಲ್ಲರೂ ಸಾಲಾಗಿ ನಿಂತು ಗಾಳ ಹಾಕಿದರು. ಅರ್ಧ ಗಂಟೆಯಲ್ಲಿ ನನಗೂ ಐದು ಸಿಕ್ಕವು. ರವಾ ಫ್ರೈ ಚೆನ್ನಾಗಿಯೇ ಆಯಿತು. ಆದರೆ ಆಫೀಸಿನಲ್ಲಿ ಫ್ಲೈ ಫಿಶಿಂಗ್ (ಹುಳದಂತೆ ಕಾಣುವ ಹಗುರ ಕೃತಕ ಎರೆ ಬೀಸಿ ಹಿಡಿಯುವುದು) ಮಾಡುವ ಇನ್ನೊಬ್ಬರು, ‘ಅದು ಮೀನು ಹಿಡಿಯುವುದಲ್ಲ, ಲಾರಿ ಹಿಂದೆ ಓಡುವುದು’ ಎಂದು ನಕ್ಕರು. ಅವತ್ತಿನಿಂದ ಕಿರಿಕಿರಿ. ನಾನು ಮಾಡಿದ್ದು ತಪ್ಪಾ?

ಉತ್ತರ: ತಪ್ಪಲ್ಲ. ಐದು ಹಿಡಿದಿರಿ, ಐದನ್ನೂ ತಿಂದಿರಿ. ಆ ಮೀನುಗಳನ್ನು ಅಲ್ಲಿಗೆ ತಂದು ಬಿಟ್ಟಿದ್ದೇ ಅದಕ್ಕೆ.

ಪೆನ್ಸಿಲ್ವೇನಿಯಾದ ಫಿಶ್ ಅಂಡ್ ಬೋಟ್ ಕಮಿಷನ್ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಟ್ರೌಟ್ ಬಿಡುತ್ತದೆ. ಇವು ಮರಿಗಳಲ್ಲ. ಕಾಂಕ್ರೀಟ್ ಕಾಲುವೆಗಳಲ್ಲಿ ಸುಮಾರು ಒಂದೂವರೆ ವರ್ಷ ಗುಳಿಗೆ ಆಹಾರ ತಿಂದು, ಹತ್ತು ಹನ್ನೊಂದು ಇಂಚು ಬೆಳೆದ ಮೀನುಗಳು. ಅದರ ಖರ್ಚು ಬಹುಪಾಲು ಹುಟ್ಟುವುದು ನೀವು ಕಟ್ಟಿದ ಲೈಸೆನ್ಸ್ ಹಣದಿಂದ, ಟ್ರೌಟ್ ಪರ್ಮಿಟ್‌ನಿಂದ, ಮತ್ತು ಗಾಳದ ಸಾಮಾನಿನ ಮೇಲೆ 1950ರ ಕೇಂದ್ರ ಕಾನೂನಿನಂತೆ ವಸೂಲಾಗುವ ತೆರಿಗೆಯಿಂದ. ನಮ್ಮ ಕಡೆ ಕೆರೆಗಳಿಗೆ ಕಾಟ್ಲಾ, ರೋಹು ಮರಿ ಬಿತ್ತನೆ ಮಾಡುತ್ತಾರಲ್ಲ, ತಿಂಗಳುಗಟ್ಟಲೆ ಬೆಳೆದ ಮೇಲೆ ಗುತ್ತಿಗೆದಾರರು ಬಲೆ ಹಾಕಿ ಎತ್ತುತ್ತಾರೆ. ಅದು ನ್ಯಾಯವೇ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಬಿಡುವುದಕ್ಕೂ ಹಿಡಿಯುವುದಕ್ಕೂ ನಡುವೆ ಸಮಯವೇ ಇಲ್ಲ, ಅಷ್ಟೇ ವ್ಯತ್ಯಾಸ.

‘ಸ್ವಲ್ಪ ದಿನ ಬದುಕಲು ಬಿಡಬೇಕಿತ್ತು’ ಎಂದು ಅನ್ನಿಸಬಹುದು. ಆದರೆ ಹೀಗೆ ಮೀನು ಬಿಡುವ ಅನೇಕ ಹಳ್ಳಗಳು ಬೇಸಿಗೆಯಲ್ಲಿ ಟ್ರೌಟ್ ಉಳಿಯುವಂಥವಲ್ಲ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಉಸಿರಾಡುವುದೇ ಕಷ್ಟ. ಹ್ಯಾಚರಿಯಲ್ಲಿ, ಅಂದರೆ ಮೀನು ಸಾಕುವ ಕೇಂದ್ರದಲ್ಲಿ, ಬೆಳೆದ ಮೀನಿಗೆ ನೀರಿನ ಹುಳು ಹುಡುಕಿ ತಿಂದು ಗೊತ್ತಿಲ್ಲ, ಕೊಕ್ಕರೆ ಬಂದರೆ ಅಡಗಿಕೊಳ್ಳುವುದೂ ಸರಿಯಾಗಿ ಗೊತ್ತಿಲ್ಲ. ತಣ್ಣನೆ ನೀರಿರುವ ಕಡೆ ಕೆಲವು ಮುಂದಿನ ವರ್ಷದವರೆಗೂ ಉಳಿಯುತ್ತವೆ, ನಿಜ. ಹೆಚ್ಚಿನವು ಉಳಿಯುವುದಿಲ್ಲ. ನಿಮ್ಮ ಬಾಣಲೆಗೆ ಬರದಿದ್ದರೆ ಅವು ಜುಲೈ ಬಿಸಿಗೆ ಹೋಗುತ್ತಿದ್ದವು.

ನಕ್ಕವರ ಮಾತಿನಲ್ಲಿ ಎರಡು ವಿಷಯ ಬೆರೆತಿವೆ. ಒಂದು, ಇದರಲ್ಲಿ ಕೈಚಳಕ ಇಲ್ಲ ಎನ್ನುವುದು. ಅದು ರುಚಿಯ ಪ್ರಶ್ನೆ, ನೀತಿಯದ್ದಲ್ಲ. ಎರಡು ವಾರ ಬಿಟ್ಟು ಅದೇ ಹಳ್ಳದಲ್ಲಿ, ಅದೇ ಲಾರಿಯ ಮೀನಿಗೆ ಎಷ್ಟೋ ಫ್ಲೈ ಫಿಶಿಂಗ್‌ನವರೂ ಗಾಳ ಬೀಸುತ್ತಾರೆ. ಅದನ್ನು ಮಾತ್ರ ಕ್ರೀಡೆ ಎನ್ನುತ್ತಾರೆ.

ಇನ್ನೊಂದು, ಉಳಿದ ಜನರ ಪಾಲು. ಇಲ್ಲಿ ಅವರ ಮಾತಿನಲ್ಲಿ ಹುರುಳಿದೆ. ಬಿಟ್ಟ ಮೀನು ಮೊದಮೊದಲು ಬಿಟ್ಟ ಜಾಗದಲ್ಲೇ ಗುಂಪಾಗಿ ಸುತ್ತುತ್ತಿರುತ್ತದೆ. ಕೆಲವರು ವೇಳಾಪಟ್ಟಿ ನೋಡಿ, ಲಾರಿ ನಿಂತ ಕಡೆಯೆಲ್ಲ ನಿಂತು, ಸಂಜೆಗೆ ಮುಂಚೆ ಗುಂಡಿ ಖಾಲಿ ಮಾಡುತ್ತಾರೆ. ಶಾಲೆ ಬಿಟ್ಟು ಬರುವ ಹುಡುಗನಿಗೆ, ಶಿಫ್ಟ್ ಮುಗಿಸಿ ಬರುವವರಿಗೆ ಏನೂ ಇರುವುದಿಲ್ಲ. ಶಿಫ್ಟ್‌ನವರೂ ಪರ್ಮಿಟ್‌ಗೆ ಅಷ್ಟೇ ದುಡ್ಡು ಕೊಟ್ಟಿರುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವರ ಹಿಂದೆಯೇ ತಟ್ಟೆ ಹಿಡಿದು ಹೋದ ಹಾಗೆ ಅದು. ಯಾವ ಕಾನೂನೂ ಮುರಿದಿಲ್ಲ, ಆದರೂ ಯಾರೂ ಮೆಚ್ಚುವುದಿಲ್ಲ.

ಪೆನ್ಸಿಲ್ವೇನಿಯಾದಲ್ಲಿ ಮೀನು ಬಿಡುವ ನೀರುಗಳನ್ನು ಸಾಮಾನ್ಯವಾಗಿ ಫೆಬ್ರವರಿಯ ಮೂರನೇ ಸೋಮವಾರದಿಂದ ಏಪ್ರಿಲ್ ಮೊದಲ ಶನಿವಾರ ಬೆಳಿಗ್ಗೆ 8ರವರೆಗೆ ಗಾಳಕ್ಕೆ ಮುಚ್ಚುತ್ತಾರೆ. ಹಾಗಾಗಿ ಎಲ್ಲರಿಗೂ ಆಟ ಒಂದೇ ಗಳಿಗೆಗೆ ಶುರು. ಆದರೆ ಸೀಸನ್ ಶುರುವಾದ ಮೇಲೆ ಬಿಡುವ ಮೀನಿಗೆ ಆ ತಡೆ ಇಲ್ಲ. ನೀವು ಹೋಗಿದ್ದು ಅಂಥ ದಿನ. ಪಕ್ಕದ ನ್ಯೂಜೆರ್ಸಿಯಲ್ಲಿ ಕೆಲವು ನೀರುಗಳಲ್ಲಿ, ಮೀನು ಬಿಟ್ಟ ದಿನ ಸಂಜೆ 5ರವರೆಗೆ ಗಾಳ ಹಾಕುವಂತೆಯೇ ಇಲ್ಲ. ಒಳ್ಳೆಯ ನಿಯಮ ಅದು. ನಿಯಮ ಇಲ್ಲದ ಕಡೆ ನಾವೇ ಮಾಡಿಕೊಳ್ಳಬೇಕು. ನಾನು ಹೇಳುವುದಿಷ್ಟು: ಲಾರಿ ಬಂದ ದಿನವನ್ನು ಮಕ್ಕಳಿಗೆ, ವಯಸ್ಸಾದವರಿಗೆ, ದೂರ ನಡೆಯಲಾಗದವರಿಗೆ ಬಿಡಿ. ಒಂದೆರಡು ದಿನ ತಡೆದು ಹೋಗಿ, ಸೇತುವೆಯಿಂದ ಒಂದಷ್ಟು ದೂರ ನಡೆಯಿರಿ. ಅಷ್ಟರಲ್ಲಿ ಮೀನು ಚದುರಿರುತ್ತದೆ, ನಿಮ್ಮ ಊರಿನ ಅನುಭವವೂ ಕೆಲಸಕ್ಕೆ ಬರುತ್ತದೆ. ಇನ್ನೂ ಒಳ್ಳೆಯದೆಂದರೆ, ಬಕೆಟ್ ಹೊತ್ತು ಮೀನು ಬಿಡಲು ಅಲ್ಲಿ ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತಾರೆ. ಹೋಗಿ ನಾಲ್ಕು ಬಕೆಟ್ ಹೊರಿ. ಉದ್ದಕ್ಕೂ ಹಂಚಿ ಬಿಟ್ಟರೆ ಈ ನೂಕುನುಗ್ಗಲೇ ಅರ್ಧ ಕಡಿಮೆಯಾಗುತ್ತದೆ.

ನಿಜವಾಗಿ ತಪ್ಪೆನ್ನುವ ಕೆಲಸಗಳು ಬೇರೆ ಇವೆ. ದಿನಕ್ಕೆ ಒಬ್ಬರಿಗೆ ಐದೇ ಎಂದಿದ್ದರೂ ಬೆಳಿಗ್ಗೆ ಐದು ಮನೆಗೆ ಸಾಗಿಸಿ, ಮಧ್ಯಾಹ್ನ ಮತ್ತೆ ಐದಕ್ಕೆ ಬರುವುದು. ಗಾಳವನ್ನೇ ಮುಟ್ಟದ ಹೆಂಡತಿಯ ಹೆಸರಲ್ಲಿ ಇನ್ನೈದು ಎತ್ತುವುದು. ದಾರಕ್ಕೆ ಪೋಣಿಸಿದ ಸಣ್ಣ ಮೀನನ್ನು, ದೊಡ್ಡದು ಸಿಕ್ಕ ಮೇಲೆ ಅರೆಜೀವವಾಗಿ ನೀರಿಗೆ ಎಸೆಯುವುದು. ಹಿಡಿದದ್ದನ್ನು ಫ್ರೀಜರ್‌ನಲ್ಲಿ ತುಂಬಿ ಕೊನೆಗೆ ಕಸಕ್ಕೆ ಹಾಕುವುದು. ಐದು ಎನ್ನುವುದು ಮೇಲಿನ ಮಿತಿ. ಮುಟ್ಟಲೇಬೇಕಾದ ಗುರಿಯಲ್ಲ.

ಇವೆಲ್ಲಕ್ಕಿಂತ ನನಗೆ ಜಾಸ್ತಿ ಸಿಟ್ಟು ಬರುವುದು ದಡ ನೋಡಿದಾಗ. ಎರೆಹುಳದ ಪ್ಲಾಸ್ಟಿಕ್ ಡಬ್ಬಿ, ಪವರ್‌ಬೈಟ್ ಎಂಬ ಕೃತಕ ಎರೆಯ ಸೀಸೆ, ಸಿಕ್ಕುಹಾಕಿಕೊಂಡ ನೈಲಾನ್ ದಾರ, ಬಿಯರ್ ಕ್ಯಾನ್. ಪೆನ್ಸಿಲ್ವೇನಿಯಾದ ಎಷ್ಟೋ ಟ್ರೌಟ್ ಹಳ್ಳಗಳು ಖಾಸಗಿ ಜಮೀನಿನ ನಡುವೆ ಹರಿಯುತ್ತವೆ. ನಾವು ಅಲ್ಲಿ ನಿಂತಿರುವುದು ಮಾಲೀಕರ ದೊಡ್ಡ ಮನಸ್ಸಿನಿಂದ. ಒಂದು ದಿನ ಬೇಸತ್ತು ಅವರು ‘ಒಳಗೆ ಬರಬೇಡಿ’ ಎಂದು ಬೋರ್ಡ್ ಹೊಡೆದರೆ, ಅಷ್ಟು ಉದ್ದಕ್ಕೂ ಮೀನು ಬಿಡುವುದೇ ನಿಲ್ಲುತ್ತದೆ. ಹೋಗುವಾಗ ಒಂದು ಖಾಲಿ ಚೀಲ ಇಟ್ಟುಕೊಳ್ಳಿ. ಮಾಲೀಕರು ಕಂಡರೆ ನಿಂತು ಮಾತಾಡಿಸಿ.

ಮೀನಿನ ಬಗ್ಗೆ ಎರಡು ಮಾತು. ಇಟ್ಟುಕೊಳ್ಳುವ ಮೀನನ್ನು ದಾರಕ್ಕೆ ಪೋಣಿಸಿ ಒದ್ದಾಡಲು ಬಿಡಬೇಡಿ. ಕಣ್ಣಿನ ಹಿಂದೆ, ನೆತ್ತಿಗೆ ಒಂದು ಗಟ್ಟಿ ಏಟು ಹೊಡೆದು ತಕ್ಷಣ ಮುಗಿಸಿ, ಐಸ್‌ಗೆ ಹಾಕಿ. ಊರಲ್ಲಿ ಬುಟ್ಟಿಗೆ ಹಾಕಿ ಸುಮ್ನೆ ಬಿಡುವುದು ರೂಢಿ. ಅದು ಒಳ್ಳೆಯ ರೂಢಿಯಲ್ಲ. ಏಟು ಹಾಕಿದರೆ ಮಾಂಸವೂ ಚೆನ್ನಾಗಿರುತ್ತದೆ.

ಮತ್ತೆ, ಸಿಕ್ಕಿದ್ದು ಯಾವ ಟ್ರೌಟ್ ಎಂದು ನೋಡಿ. ರೈನ್‌ಬೋ ಟ್ರೌಟ್ ಮೂಲತಃ ಪಶ್ಚಿಮ ಕರಾವಳಿಯ ಕಡೆಯದು. ಬ್ರೌನ್ ಟ್ರೌಟ್‌ನ ಮೊಟ್ಟೆ 1883ರಲ್ಲಿ ಜರ್ಮನಿಯಿಂದ ಬಂತು. ಆ ಹಳ್ಳಗಳ ಸ್ವಂತ ಟ್ರೌಟ್ ಎಂದರೆ ಬ್ರೂಕ್ ಟ್ರೌಟ್ ಒಂದೇ. ಕಪ್ಪು ಮೈಮೇಲೆ ತಿಳಿ ಚುಕ್ಕೆ, ಕೆಳಗಿನ ರೆಕ್ಕೆಗಳಿಗೆ ಬಿಳಿ ಅಂಚು. ಹ್ಯಾಚರಿಯಲ್ಲಿ ಬ್ರೂಕ್ ಟ್ರೌಟನ್ನೂ ಬೆಳೆಸುತ್ತಾರೆ, ಆದರೆ ಕಾಂಕ್ರೀಟಿಗೆ ಉಜ್ಜಿ ಅವುಗಳ ರೆಕ್ಕೆ ಸಾಮಾನ್ಯವಾಗಿ ಸವೆದಿರುತ್ತದೆ. ರೆಕ್ಕೆ ಚೂಪಾಗಿ, ಬಣ್ಣ ಹೊಳೆಯುತ್ತಿದ್ದರೆ ಅದು ಹಳ್ಳದಲ್ಲೇ ಹುಟ್ಟಿದ್ದಿರಬಹುದು. ಅದನ್ನು ವಾಪಸ್ ಬಿಡಿ. ಲಾರಿಯದನ್ನು ತಿನ್ನಿ.

ನಿಮ್ಮ ಸಹೋದ್ಯೋಗಿಗೆ ವಾದವೇ ಬೇಕೆಂದಿದ್ದರೆ ಅವರು ಕೇಳಬೇಕಾದದ್ದು ಬೇರೆ: ಈ ಹಳ್ಳಕ್ಕೆ ಮೀನು ಬಿಡಲೇಬೇಕೇ? ಮೊಂಟಾನಾದ ಮ್ಯಾಡಿಸನ್ ನದಿಯಲ್ಲಿ ಹ್ಯಾಚರಿ ಮೀನು ಬಿಡುವುದನ್ನು ನಿಲ್ಲಿಸಿದಾಗ ಕಾಡು ಟ್ರೌಟ್ ಹೆಚ್ಚಾದವು. ಹಾಗೆ ಕಂಡ ಮೇಲೆ ಆ ರಾಜ್ಯ, ಮೀನು ತಾನಾಗಿ ಮರಿ ಮಾಡುವ ನದಿಗಳಿಗೆ ಬಿಡುವುದನ್ನೇ 1974ರಲ್ಲಿ ಕೈಬಿಟ್ಟಿತು. ಕಾಡು ಟ್ರೌಟ್ ಚೆನ್ನಾಗಿರುವ ನೀರಿಗೆ ಲಾರಿ ಹೋಗಬಾರದು ಎಂಬುದೇ ನನ್ನ ಅಭಿಪ್ರಾಯ ಕೂಡ. ಆದರೆ ಅದು ಲಾರಿ ಕಳಿಸುವವರಿಗೆ ಹಾಕಬೇಕಾದ ಪ್ರಶ್ನೆ. ದಡದಲ್ಲಿ ನಿಂತ ನಿಮ್ಮನ್ನು ನೋಡಿ ನಕ್ಕರೆ ಏನೂ ಬಗೆಹರಿಯುವುದಿಲ್ಲ.

ಪ್ರಶ್ನೆ: ನಾವು ಸಿಯಾಟಲ್ ಹತ್ತಿರ ಇದ್ದೇವೆ. ಮನೆಯಲ್ಲಿ ಮೀನು ತಿನ್ನುವುದಿಲ್ಲ. ಆದರೆ ಹನ್ನೊಂದು ವರ್ಷದ ಮಗನಿಗೆ ಗಾಳದ ಹುಚ್ಚು. ಟ್ರೌಟ್ ಬಿಟ್ಟ ಕೆರೆಗೆ ಕರೆದುಕೊಂಡು ಹೋಗುತ್ತೇನೆ. ಎರೆಹುಳು ಹಾಕಿ ಹಿಡಿಯುತ್ತಾನೆ, ಎಲ್ಲವನ್ನೂ ವಾಪಸ್ ಬಿಡುತ್ತೇವೆ. ತಿನ್ನುವುದಕ್ಕಿಂತ ಇದು ವಾಸಿ ಅಲ್ವಾ?

ಉತ್ತರ: ಅಷ್ಟು ಸುಲಭವಾಗಿ ಹೇಳಲಾಗುವುದಿಲ್ಲ, ಅಮ್ಮ. ಎರೆಹುಳುವನ್ನು ಟ್ರೌಟ್ ಗಂಟಲೊಳಗೆ ನುಂಗಿಬಿಡುತ್ತದೆ. ಹಾಗೆ ಹಿಡಿದು ಬಿಟ್ಟ ಮೀನುಗಳಲ್ಲಿ ಸುಮಾರು ಕಾಲು ಭಾಗ ಆಮೇಲೆ ಸಾಯುತ್ತವೆ. ನಿಮ್ಮ ಕಣ್ಣೆದುರಿಗೆ ಈಜಿಕೊಂಡು ಹೋಗುತ್ತವೆ, ಹಾಗಾಗಿ ಗೊತ್ತಾಗುವುದಿಲ್ಲ. ಕೃತಕ ಫ್ಲೈಗೆ ಸಿಕ್ಕ ಮೀನು ತುಟಿಯಲ್ಲೇ ಸಿಕ್ಕಿಬೀಳುತ್ತದೆ, ಅದರಲ್ಲಿ ಸಾಯುವುದು ನೂರಕ್ಕೆ ಐದರ ಆಸುಪಾಸು. ದಿನವಿಡೀ ಎರೆಹುಳದಲ್ಲಿ ಇಪ್ಪತ್ತು ಹಿಡಿದು ಇಪ್ಪತ್ತನ್ನೂ ಬಿಡುವವರು, ಎರಡೇ ಹಿಡಿದು ಎರಡನ್ನೂ ತಿಂದವರಿಗಿಂತ ಹೆಚ್ಚು ಮೀನು ಕೊಂದಿರುವ ಸಾಧ್ಯತೆ ಇದೆ. ಎರೆ ಹಾಕಿ ಹಿಡಿದ ಟ್ರೌಟನ್ನು, ಬಿಟ್ಟರೂ ದಿನದ ಲೆಕ್ಕಕ್ಕೆ ಸೇರಿಸುವ ನಿಯಮ ಕೆಲವು ಕಡೆ ಇರುವುದು ಇದಕ್ಕೇ. ನಿಮ್ಮ ಕೆರೆಯ ನಿಯಮ ಒಮ್ಮೆ ನೋಡಿಕೊಳ್ಳಿ.

ಮಗನ ಕೈಗೆ ಒಂದೇ ಕೊಕ್ಕೆಯ ಲೂರ್ (ಕೃತಕ ಎರೆ) ಕೊಡಿ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಮೀನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಲಿ, ಇಲ್ಲದಿದ್ದರೆ ಮೈಯ ಲೋಳೆ ಕಿತ್ತುಬರುತ್ತದೆ. ಫೋಟೋ ಬೇಕೆಂದರೂ ಮೀನು ನೀರಲ್ಲೇ ಇರಲಿ. ಕೊಕ್ಕೆ ಗಂಟಲಿಗೆ ಹೋಗಿದ್ದರೆ ಎಳೆಯಬೇಡಿ, ದಾರ ಕತ್ತರಿಸಿ. ಬೇಸಿಗೆಯಲ್ಲಿ ನೀರು ಬೆಚ್ಚಗಾದ ಮೇಲೆ ಟ್ರೌಟ್ ಬಿಟ್ಟು ಬೇರೆ ಮೀನಿಗೆ ಹೋಗಿ.

ಇದರಾಚೆಗೆ ಒಂದು ದೊಡ್ಡ ಪ್ರಶ್ನೆ ಇದ್ದೇ ಇದೆ. ಸ್ವಿಟ್ಜರ್ಲೆಂಡಿನಲ್ಲಿ ವಾಪಸ್ ಬಿಡುವ ಉದ್ದೇಶದಿಂದಲೇ ಗಾಳ ಹಾಕುವುದಕ್ಕೆ ಕಾನೂನು ಒಪ್ಪುವುದಿಲ್ಲ. ಬರೀ ಆಟಕ್ಕೆ ಪ್ರಾಣಿಯನ್ನು ನೋಯಿಸಬಾರದು ಎನ್ನುವುದು ಅವರ ವಾದ. ತಿನ್ನಲು ಬಿಟ್ಟ ಮೀನಿನ ವಿಷಯದಲ್ಲಿ ನಾನು ಅವರ ಪಕ್ಷ. ನೀವು ತಿನ್ನುವುದು ಬೇಡ. ತಿನ್ನುವ ಪಕ್ಕದ ಮನೆಯವರಿಗೆ ಒಂದೆರಡು ಹಿಡಿದುಕೊಡಲಿ, ಅಲ್ಲಿಗೆ ಆ ದಿನದ ಗಾಳ ಮುಗಿಯಲಿ. ಮನೆಯವರಿಗೆ ಇದು ಒಪ್ಪಿಗೆಯಾಗದಿದ್ದರೆ, ಬಿಡುವುದನ್ನಾದರೂ ಸರಿಯಾಗಿ ಕಲಿಸಿ.

ಪ್ರಶ್ನೆ: ಡೆನ್ವರ್‌ನಲ್ಲಿದ್ದೇನೆ. ಗೆಳೆಯನ ಜಮೀನಿನ ಹಿಂದೆ ಚಿಕ್ಕ ತೊರೆ ಇದೆ. ಟ್ರೌಟ್ ಬಿಟ್ಟ ಕೆರೆಯಿಂದ ಹತ್ತು ಮೀನು ಜೀವಂತ ತಂದು ಅಲ್ಲಿ ಬಿಡೋಣ, ಅವೂ ಬದುಕುತ್ತವೆ ಎನ್ನುತ್ತಾನೆ. ಬಿಡಬಹುದಾ?

ಉತ್ತರ: ಖಂಡಿತ ಬೇಡ. ಮೊದಲಿಗೆ, ಅನುಮತಿ ಇಲ್ಲದೆ ಜೀವಂತ ಮೀನನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಸಾಗಿಸುವುದು ಅಪರಾಧ. ಅದಕ್ಕೆ ಗಟ್ಟಿ ಕಾರಣವೂ ಇದೆ. ಕೊಲೊರಾಡೊ ‘ವರ್ಲಿಂಗ್ ಡಿಸೀಸ್’ನಲ್ಲಿ ಕೈ ಸುಟ್ಟುಕೊಂಡ ರಾಜ್ಯ. ಯೂರೋಪಿನಿಂದ ಬಂದ ಒಂದು ಪರಾವಲಂಬಿ ಜೀವಿ ಟ್ರೌಟ್ ಮರಿಗಳ ಎಳೆ ಮೂಳೆಯನ್ನು ತಿನ್ನುತ್ತದೆ. ಮರಿಗಳು ಬಾಲ ಕಚ್ಚಲು ಹೋದಂತೆ ಸುತ್ತುತ್ತಾ ಸಾಯುತ್ತವೆ. ಹ್ಯಾಚರಿ ಮೀನಿನ ಜೊತೆ ಸಾಗಿ ಬಂದ ಈ ರೋಗದಿಂದ 1990ರ ದಶಕದಲ್ಲಿ ಕೊಲೊರಾಡೊ ನದಿಯ ಮೇಲ್ಭಾಗದಲ್ಲೂ ಗನಿಸನ್ ನದಿಯಲ್ಲೂ ರೈನ್‌ಬೋ ಟ್ರೌಟ್ ನೆಲಕಚ್ಚಿದವು. ದೊಡ್ಡ ಮೀನು ನೋಡಲು ಚೆನ್ನಾಗಿಯೇ ಇದ್ದು ರೋಗ ಹೊತ್ತಿರಬಹುದು.

ರೋಗ ಇಲ್ಲದಿದ್ದರೂ ಎಡವಟ್ಟಾಗುತ್ತದೆ. ನಮ್ಮ ಕಾವೇರಿಯನ್ನೇ ನೋಡಿ. ಗಾಳದ ಬೇಟೆಗೆ ಮೀನು ಹೆಚ್ಚಲಿ ಎಂದು ಲೋನಾವಲಾದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟರು. ಒಳ್ಳೆಯ ಉದ್ದೇಶವೇ. ಈಗ ಹೊಳೆಯಲ್ಲಿ ಸಿಗುವುದು ಹೆಚ್ಚಾಗಿ ಅದೇ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಗೂನು ಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದೂ ಅದೇ ವರ್ಷ.

ಹಾಂ, ಉಲ್ಟಾ ಕಥೆಯೂ ನಿಮ್ಮ ರಾಜ್ಯದಲ್ಲೇ ಇದೆ. ಗ್ರೀನ್‌ಬ್ಯಾಕ್ ಕಟ್‌ಥ್ರೋಟ್ ಎಂಬ ಟ್ರೌಟ್ ಕೊಲೊರಾಡೊದ ರಾಜ್ಯ ಮೀನು. ಅದರ ಅಪ್ಪಟ ತಳಿ ಕೊಲೊರಾಡೊ ಸ್ಪ್ರಿಂಗ್ಸ್ ಹತ್ತಿರದ ಬೇರ್ ಕ್ರೀಕ್ ಎಂಬ ಪುಟ್ಟ ತೊರೆಯೊಂದರಲ್ಲಿ ಮಾತ್ರ ಉಳಿದಿದೆ ಎಂದು 2012ರಲ್ಲಿ ಗೊತ್ತಾಯಿತು. ಅಲ್ಲಿಗೆ ಅದು ಬಂದದ್ದು ಹೇಗೆ? 19ನೇ ಶತಮಾನದ ಕೊನೆಯಲ್ಲಿ ಅಲ್ಲಿ ನೆಲೆಸಿದ್ದ ಒಬ್ಬರು ತಂದು ಬಿಟ್ಟಿದ್ದರಿಂದ! ಇದನ್ನು ನಿಮ್ಮ ಗೆಳೆಯನಿಗೆ ಹೇಳಬೇಡಿ, ಬಕೆಟ್ ಎತ್ತಿಕೊಂಡೇ ಹೊರಡುತ್ತಾನೆ. ಆ ತೊರೆಯಲ್ಲಿ ಆಗ ಮೀನೇ ಇರಲಿಲ್ಲ ಎನ್ನುತ್ತಾರೆ, ಬಿಟ್ಟದ್ದು ಅದೇ ರಾಜ್ಯದ ಮೀನು. ನಿಮ್ಮದು ಹಾಗಲ್ಲ. ಆ ತೊರೆಯಲ್ಲಿ ಈಗಾಗಲೇ ಕಟ್‌ಥ್ರೋಟ್ ಇದ್ದರೆ, ನೀವು ಬಿಡುವ ರೈನ್‌ಬೋ ಅದರ ಜೊತೆ ಕೂಡಿ ಮಿಶ್ರತಳಿ ಮಾಡುತ್ತದೆ. ಒಮ್ಮೆ ಬೆರೆತ ಮೇಲೆ ಬೇರ್ಪಡಿಸುವ ದಾರಿಯಿಲ್ಲ.

ಕೊಲೊರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಕಚೇರಿಗೆ ಗೆಳೆಯ ಫೋನ್ ಮಾಡಲಿ. ತೊರೆಯಲ್ಲಿ ಏನಿದೆ ಎಂದು ಮೊದಲು ಕೇಳಲಿ. ಬಿಡಬಹುದು ಎಂದರೆ, ಯಾವ ಮೀನು, ರೋಗ ಪರೀಕ್ಷೆಯಾದ ಯಾವ ಹ್ಯಾಚರಿಯಿಂದ, ಯಾವ ಅನುಮತಿ ಬೇಕು ಎಂದು ಅವರೇ ತಿಳಿಸುತ್ತಾರೆ. ಬೇಡ ಎಂದರೆ ತೊರೆಯನ್ನು ಅದರ ಪಾಡಿಗೆ ಬಿಡಿ, ಗಾಳ ಹಾಕಲು ಕೆರೆ ಇದ್ದೇ ಇದೆ.