ಆಟದಂಗಳ: ತಡವಾಗಿ ಹೊರಡು, ಕೊನೆಯ ಎರಡು ಹೆಜ್ಜೆ ಬೇಗ ಇಡು

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಕಾಲೇಜು ವಾಲಿಬಾಲ್ ತಂಡದಲ್ಲಿ ನೆಟ್‌ನ ಎಡಬದಿಯಿಂದ ಸ್ಮ್ಯಾಶ್ ಹೊಡೆಯುತ್ತೇನೆ. ಬಲಗೈ ಆಟ. ನಿಂತಲ್ಲಿಂದ ಹಾರಿದರೆ ಚೆನ್ನಾಗಿಯೇ ಹಾರುತ್ತೇನೆ. ಓಡಿ ಬಂದರೆ ಮಾತ್ರ ಚೆಂಡಿನ ಅಡಿಗೇ ಹೋಗಿಬಿಡುತ್ತೇನೆ. ಒಂದೋ ಚೆಂಡು ಹೊರಗೆ, ಇಲ್ಲಾ ನನ್ನ ಕೈ ನೆಟ್‌ಗೆ. ಹೆಜ್ಜೆ ಹೇಗಿಡಬೇಕು? ಕೈ ಯಾವಾಗ ಬೀಸಬೇಕು?
– ಓದುಗಿ, ಸಾಗರ

ಉತ್ತರ: ತಂಗಿ, ನಿನ್ನ ಕಾಲಿನ ಶಕ್ತಿಗೇನೂ ಕೊರತೆ ಇಲ್ಲ. ನೀನು ಬೇಗ ಹೊರಡುತ್ತಿದ್ದೀಯ, ಅಷ್ಟೆ. ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವ ಲಿಫ್ಟರ್ ಕೈಗೆ ಚೆಂಡು ಸೇರುವ ಮೊದಲೇ ಓಡಿ ಬಂದು, ನೆಟ್ ಹತ್ತಿರ ನಿಂತು ಕಾಯುತ್ತೀಯ, ಅಲ್ವಾ? ಹಾಗೆ ನಿಂತ ಕ್ಷಣ ಓಟದ ವೇಗ ಪೂರ್ತಿ ಹಾಳು. ನಮ್ಮ ಮೈದಾನಕ್ಕೆ ಬರುವ ಹುಡುಗಿಯರಲ್ಲೂ ನಾನು ಮೊದಲು ತಿದ್ದುವುದು ಇದನ್ನೇ.

ನೆಟ್‌ನಿಂದ 3 ಮೀಟರ್ ದೂರದ ಗೆರೆಯಿಂದ ಒಂದು ಹೆಜ್ಜೆ ಹಿಂದೆ, ಸೈಡ್ ಲೈನ್ ಪಕ್ಕದಲ್ಲಿ ನಿಲ್ಲು. ಎತ್ತರದ ಪಾಸ್ ಆದರೆ, ಚೆಂಡು ಲಿಫ್ಟರ್ ಕೈಬಿಟ್ಟು ಮೇಲೇರುವುದನ್ನು ನೋಡಿ ಆಮೇಲೆ ಹೊರಡು. ಒಟ್ಟು ನಾಲ್ಕು ಹೆಜ್ಜೆ: ಬಲ, ಎಡ, ಬಲ-ಎಡ. ಮೊದಲನೆಯದು ಚಿಕ್ಕದು, ನಿಧಾನ. ಎರಡನೆಯದು ಸ್ವಲ್ಪ ಉದ್ದ. ಚೆಂಡು ಎಲ್ಲಿ ಬೀಳುತ್ತದೆ ಅಂತ ನೋಡಿ ದಿಕ್ಕು ಸರಿಮಾಡಿಕೊಳ್ಳುವುದು ಇದರಲ್ಲೇ.

ಮೂರನೆಯದು ಎಲ್ಲಕ್ಕಿಂತ ಉದ್ದ. ಬಲಗಾಲಿನ ಹಿಮ್ಮಡಿ ಮೊದಲು ನೆಲಕ್ಕೆ ತಾಗಬೇಕು, ಮಂಡಿ ಬಗ್ಗಬೇಕು, ಸೊಂಟ ಕೆಳಗಿಳಿಯಬೇಕು. ಅದರ ಬೆನ್ನಿಗೇ ಎಡಗಾಲು ಬಂದು ಬಲಗಾಲಿಗಿಂತ ತುಸು ಮುಂದೆ ಊರುತ್ತದೆ. ಎರಡೂ ಪಾದದ ಬೆರಳು ಲಿಫ್ಟರ್ ಕಡೆಗೆ ಓರೆಯಾಗಿರಲಿ. ಈ ಎರಡು ಹೆಜ್ಜೆಯ ಸದ್ದು ಟಕ್‌ಟಕ್ ಅಂತ ಕೂಡಿಕೊಂಡೇ ಕೇಳಬೇಕು. ಮುಂದಕ್ಕೆ ಓಡುತ್ತಿದ್ದ ಮೈಯನ್ನು ತಡೆದು ಮೇಲಕ್ಕೆ ತಿರುಗಿಸುವ ಕೆಲಸ ಇವೆರಡರದೇ. ಬಲಗೈಯವರು ಬಲಗಾಲು ಮುಂದಿಟ್ಟು ಹಾರಿದರೆ ಸೊಂಟ ಮೊದಲೇ ನೆಟ್ ಕಡೆ ತಿರುಗಿರುತ್ತದೆ. ಆಮೇಲೆ ಭುಜ ಹಿಂದೆ ಎಳೆಯಲು ಜಾಗವೇ ಇರುವುದಿಲ್ಲ, ಬರೀ ಕೈಯಲ್ಲಿ ಹೊಡೆಯಬೇಕಾಗುತ್ತದೆ. ಭುಜ ನೋಯುವುದು ಹೀಗೂ ಶುರುವಾಗುತ್ತದೆ.

ನಿಮ್ಮದು ಮಣ್ಣಿನ ಅಂಕಣವಾದರೆ ಒಂದು ಅನುಕೂಲ ಇದೆ. ನೀರು ಚಿಮುಕಿಸಿ, ಚೆಂಡಿಲ್ಲದೆ ಓಡಿ ಬಂದು ಹಾರು. ಆಮೇಲೆ ಬಗ್ಗಿ ನಿನ್ನದೇ ಹೆಜ್ಜೆ ಗುರುತು ನೋಡು. ಬಲಗಾಲಿನ ಹಿಮ್ಮಡಿ ಆಳವಾಗಿ ಮೂಡಿರಬೇಕು. ಬೆರಳಿನ ಗುರುತು ಮಾತ್ರ ಇದ್ದರೆ ನೀನು ಮೈ ತಡೆಯದೆ ಮುಂದಕ್ಕೆ ತೇಲುತ್ತಿದ್ದೀಯ ಅಂತ ಅರ್ಥ. ಕೈ ನೆಟ್‌ಗೆ ಬಡಿಯುವುದು ಅದಕ್ಕೇ. ಹಾರಿದ ಗುರುತಿಗೂ ಇಳಿದ ಗುರುತಿಗೂ ಎಷ್ಟು ದೂರ ಅಂತಲೂ ನೋಡು. ಸ್ವಲ್ಪ ಮುಂದೆ ಇಳಿಯುವುದು ಸಹಜ. ನಡುಗೆರೆಯವರೆಗೂ ಹೋಗುತ್ತಿದ್ದರೆ ಇನ್ನೂ ಹಿಂದೆಯೇ ಕಾಲೂರಬೇಕು. ಸಾಮಾನ್ಯ ಪಾಸ್‌ಗೆ ನೆಟ್‌ನಿಂದ ಸುಮಾರು ಒಂದು ಮೀಟರ್ ಹಿಂದೆ ಊರಿದರೆ ಸರಿ.

ಇನ್ನು ಕೈ. ಬಹಳ ಮಂದಿ ಹಾರಿದ ಮೇಲೆ ಬೀಸುತ್ತಾರೆ. ಅಷ್ಟೊತ್ತಿಗೆ ತಡವಾಗಿರುತ್ತದೆ. ಎರಡನೇ ಹೆಜ್ಜೆಯಲ್ಲಿ ಎರಡೂ ಕೈ ಮುಂದಿರಲಿ. ಉದ್ದದ ಬಲ ಹೆಜ್ಜೆ ಇಡುವಾಗ ಎರಡನ್ನೂ ಪೂರ್ತಿ ಹಿಂದಕ್ಕೆ ಬೀಸು. ಎಡಗಾಲು ಊರುವಾಗ ತೊಡೆಯ ಪಕ್ಕದಿಂದ ರಭಸವಾಗಿ ಮುಂದಕ್ಕೆ, ಮೇಲಕ್ಕೆ ತಾ. ಹಾರುವ ಎತ್ತರದಲ್ಲಿ ಈ ಬೀಸಿಗೂ ಒಳ್ಳೆಯ ಪಾಲಿದೆ. ಗಾಳಿಯಲ್ಲಿ ಎಡಗೈ ಚೆಂಡಿನ ಕಡೆ ಚಾಚಿರಲಿ. ಬಲ ಮೊಣಕೈ ಬಿಲ್ಲು ಎಳೆದ ಹಾಗೆ ಹಿಂದೆ, ಭುಜದ ಮಟ್ಟಕ್ಕಿಂತ ಕೆಳಗಿಳಿಯದ ಹಾಗೆ. ಹೊಡೆಯುವಾಗ ಎಡ ಮೊಣಕೈಯನ್ನು ಪಕ್ಕೆಗೆ ಎಳೆದುಕೋ. ಆಗ ಬಲಭುಜ ತಾನಾಗಿ ಮುಂದೆ ಬರುತ್ತದೆ. ಚೆಂಡು ಬಲಭುಜದ ಮುಂದೆ ಸಿಗಬೇಕು, ತಲೆಯ ಮೇಲಲ್ಲ. ಬೆರಳು ಅಗಲಿಸಿ, ಇಡೀ ಅಂಗೈಯಲ್ಲಿ ಹೊಡೆದು, ಮಣಿಕಟ್ಟನ್ನು ಚೆಂಡಿನ ಮೇಲೆ ಮಡಚು. ಈಗ ಹೊರಗೆ ಹೋಗುತ್ತಿರುವ ಚೆಂಡು ತಿರುಗುತ್ತಾ ಒಳಗೇ ಬೀಳುತ್ತದೆ.

ಮನೆಯಂಗಳದಲ್ಲೂ ಅಭ್ಯಾಸ ಮಾಡಬಹುದು. 2.24 ಮೀಟರ್ ಎತ್ತರಕ್ಕೆ ಹಗ್ಗ ಕಟ್ಟು. ಹೆಂಗಸರ ನೆಟ್ ಎತ್ತರ ಅಷ್ಟೇ. ಕೈಯಲ್ಲಿ ಟೆನಿಸ್ ಚೆಂಡು ಹಿಡಿದು ನಾಲ್ಕು ಹೆಜ್ಜೆ ಬಾ, ಹಾರು, ಮೇಲಿಂದ ಹಗ್ಗದಾಚೆ ನೆಲಕ್ಕೆ ಎಸೆ. ಹೆಜ್ಜೆ, ಬೀಸು, ಮೊಣಕೈ ಎಲ್ಲವೂ ಒಟ್ಟಿಗೆ ಕೂಡಿಬರುತ್ತವೆ. ಇಳಿಯುವಾಗ ಎರಡೂ ಕಾಲಲ್ಲಿ ಇಳಿ, ಮಂಡಿ ಬಗ್ಗಿಸು. ದಿನಾ ಒಂಟಿ ಎಡಗಾಲಲ್ಲಿ ಇಳಿದರೆ ಆ ಮಂಡಿಗೇ ಭಾರ.

ಪ್ರಶ್ನೆ: ನಾನು ಎಡಗೈ ಆಟಗಾರ. ಊರಿನ ಹೊನಲು ಬೆಳಕಿನ ಪಂದ್ಯಗಳಲ್ಲಿ ಆಡುತ್ತೇನೆ. ಹಿರಿಯರು ನನಗೂ ಬಲ-ಎಡ ಹೆಜ್ಜೆಯನ್ನೇ ಹೇಳಿಕೊಡುತ್ತಾರೆ. ಸರಿಯೇ?
– ಓದುಗ, ಬಂಟ್ವಾಳ

ಉತ್ತರ: ಅದು ನಿಮಗಲ್ಲ. ನಿಮ್ಮದು ಎಡ, ಬಲ, ಎಡ-ಬಲ. ಕೊನೆಗೆ ಬಲಗಾಲು ಮುಂದಿರಬೇಕು. ತಂಡದವರನ್ನು ಕೇಳಿ ಬಲಬದಿಯಲ್ಲಿ, ಅಂದರೆ 2ನೇ ಜಾಗದಲ್ಲಿ ಆಡಿ. ಅಲ್ಲಿ ಲಿಫ್ಟರ್ ಕೊಟ್ಟ ಚೆಂಡು ಮೈ ದಾಟದೆ ನೇರ ನಿಮ್ಮ ಎಡಗೈಗೆ ಬರುತ್ತದೆ. ಹಳೇ ಹೆಜ್ಜೆ ರೂಢಿಯಾಗಿದ್ದರೆ ಸುಮ್ನೆ ಪಂದ್ಯದ ನಡುವೆ ಬದಲಿಸಬೇಡಿ. ಪಂದ್ಯಗಳಿಲ್ಲದ ಮಳೆಗಾಲದಲ್ಲಿ, ಚೆಂಡಿಲ್ಲದೆ, ಮೊದಲು ಕೊನೆಯ ಎರಡು ಹೆಜ್ಜೆಯನ್ನಷ್ಟೇ ತಿದ್ದಿಕೊಳ್ಳಿ.