ಕಡಲ ಪ್ರಶ್ನೋತ್ತರ: ಡೈರೆಕ್ಷನ್ ದ್ವೀಪದಲ್ಲಿ ಲಂಗರು ಇಳಿಸಿದ ಮೇಲೆ

ಪ್ರಶ್ನೆ: ನಾನು ನಿವೃತ್ತ ಉಪನ್ಯಾಸಕ. ಪರ್ತ್‌ನಲ್ಲಿ ನೆಲೆಸಿರುವ ಗೆಳೆಯರೊಬ್ಬರು ಬರುವ ಆಗಸ್ಟ್‌ನಲ್ಲಿ ತಮ್ಮ ಹಾಯಿದೋಣಿಯಲ್ಲಿ ಡಾರ್ವಿನ್‌ನಿಂದ ಮಾರಿಷಸ್‌ಗೆ ಹೊರಡುವವರಿದ್ದು, ನನ್ನನ್ನೂ ಕರೆದಿದ್ದಾರೆ. ನಡುದಾರಿಯ ಕೋಕೋಸ್ ಕೀಲಿಂಗ್ ದ್ವೀಪಗಳಲ್ಲಿ ಹತ್ತು ದಿನ ತಂಗುತ್ತೇವಂತೆ. ಅಲ್ಲಿ ನಾನಾ ದೇಶಗಳ ನಾವಿಕರು ಸೇರಿರುತ್ತಾರೆಂದು ಕೇಳಿದ್ದೇನೆ. ನಾನು ಸಂಕೋಚದ ಮನುಷ್ಯ, ಮೇಲಾಗಿ ಸಸ್ಯಾಹಾರಿ. ಅವರೊಡನೆ ಹೇಗೆ ಬೆರೆಯಲಿ?
— ಓದುಗರೊಬ್ಬರು, ಶಿರಸಿ

ಉತ್ತರ: ಬೆರೆಯುವ ಮಾತು ಆಮೇಲೆ, ಮೊದಲು ಹಳದಿ ಬಾವುಟದ ಮಾತು. ಕೋಕೋಸ್ ಆಸ್ಟ್ರೇಲಿಯಾದ ಆಡಳಿತಕ್ಕೆ ಸೇರಿದ ದ್ವೀಪಸಮೂಹ. ಅಲ್ಲಿಗೆ ಬರುವ ಹಾಯಿದೋಣಿಗಳು ಡೈರೆಕ್ಷನ್ ದ್ವೀಪದ ಮರೆಯಲ್ಲಿ ಲಂಗರು ಹಾಕಿ, ತಪಾಸಣೆ ಇನ್ನೂ ಆಗಿಲ್ಲವೆಂದು ಸೂಚಿಸುವ ಹಳದಿ ಬಾವುಟ ಏರಿಸಿ, ಅಧಿಕಾರಿಗಳು ಬರುವ ತನಕ ಕಾಯಬೇಕು. ಅಲ್ಲಿಯವರೆಗೆ ದಡಕ್ಕೆ ಕಾಲಿಡುವಂತಿಲ್ಲ, ಪಕ್ಕದ ದೋಣಿಗೂ ಹೋಗುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಉಳ್ಳ ನೀವು ಕೋಕೋಸ್‌ನ ಹತ್ತು ದಿನಗಳೂ ವೀಸಾದ ಅವಧಿಯೊಳಗೆ ಬರುವಂತೆ ಮುಂಚಿತವಾಗಿಯೇ ನೋಡಿಕೊಳ್ಳಿ.

ಆ ವಿಧಿ ಮುಗಿದ ಮೇಲೆ ಸಂಕೋಚಕ್ಕೆ ಹೆಚ್ಚು ಎಡೆಯಿರುವುದಿಲ್ಲ. ವಾರಗಟ್ಟಲೆ ನೀರನ್ನೇ ನೋಡಿ ಬಂದವರಿಗೆ ಹೊಸ ಮುಖವೆಂದರೆ ಹಬ್ಬ. ಆದರೂ ಒಂದು ಮರ್ಯಾದೆಯುಂಟು. ನಮ್ಮೂರಲ್ಲಿ ಜಗಲಿಯ ಕೆಳಗೆ ನಿಂತು ‘ಯಾರಿದ್ದೀರಿ’ ಎಂದು ಕೂಗುವಂತೆ, ಇಲ್ಲಿ ಡಿಂಗಿಯನ್ನು, ಅಂದರೆ ದಡಕ್ಕೂ ದೋಣಿಗೂ ಓಡಾಡುವ ಪುಟ್ಟ ದೋಣಿಯನ್ನು, ಇನ್ನೊಬ್ಬರ ದೋಣಿಯ ಪಕ್ಕಕ್ಕೆ ತಂದು, ಅದರ ಹೆಸರು ಹಿಡಿದು ಕರೆದು, ಒಳಗೆ ಬನ್ನಿ ಎನ್ನುವ ತನಕ ನೀರಿನ ಮೇಲೆಯೇ ಮಾತಾಡಬೇಕು. ನೀವು ಏನು ಕೆಲಸದಲ್ಲಿದ್ದಿರಿ ಎಂದು ಕೇಳುವವರು ಕಡಿಮೆ. ದಾರಿಯಲ್ಲಿ ಗಾಳಿ ಹೇಗಿತ್ತು, ಮುಂದೆ ನಡುದಾರಿಯ ರೋಡ್ರಿಗಸ್ ದ್ವೀಪಕ್ಕೋ ನೇರ ಮಾರಿಷಸ್‌ಗೋ, ಕೈಯಲ್ಲಿ ಹೆಚ್ಚುವರಿ ಪಂಪ್ ಇದೆಯೇ, ಇವೇ ಅಲ್ಲಿನ ಕುಶಲಪ್ರಶ್ನೆಗಳು.

ಸಂಜೆ ದಡದಲ್ಲಿ ಸಾಮೂಹಿಕ ಊಟ ಏರ್ಪಟ್ಟರೆ ಪ್ರತಿ ದೋಣಿಯವರೂ ಒಂದು ಪದಾರ್ಥವನ್ನು, ತಮ್ಮ ತಟ್ಟೆ ಲೋಟಗಳನ್ನು ತಾವೇ ತರುವುದು ರೂಢಿ. ನಾನು ಹೋದಾಗ ಪುಳಿಯೋಗರೆ ಗೊಜ್ಜಿನ ಒಂದು ಶೀಶೆ ಇಡೀ ಯಾನಕ್ಕೆ ಸಾಕಾಗಿತ್ತು. ಕೆಡುವುದಿಲ್ಲ, ಅನ್ನ ಬೆಂದರೆ ಅಡುಗೆ ಮುಗಿದಂತೆ. ತಪಾಸಣೆಯ ವೇಳೆ ಅದನ್ನೂ ತಪ್ಪದೆ ಘೋಷಿಸಿ; ತಾಜಾ ಹಣ್ಣು, ತರಕಾರಿ, ಬೀಜಗಳ ವಿಷಯದಲ್ಲಿ ಅಲ್ಲಿ ಬಹಳ ಬಿಗಿ. ಮೀನು ಸುಡುವ ಒಲೆಯೇ ಎಲ್ಲರದೂ ಆಗಿರುವುದರಿಂದ, ನಿಮ್ಮ ಪಾಲಿನ ಊಟವನ್ನು ದೋಣಿಯಲ್ಲೇ ಬೇಯಿಸಿ ತರುವುದು ಲೇಸು. ಬಂದು ಹೋದ ದೋಣಿಗಳವರು ಹೆಸರು ಕೊರೆದು, ಬಣ್ಣ ಬಳಿದು ತೂಗುಹಾಕಿದ ಹಲಗೆಗಳೂ ತೇಲುಬುರುಡೆಗಳೂ ದಡದ ಚಪ್ಪರದಲ್ಲಿವೆ. ನಿಮ್ಮ ಹಲಗೆಯಲ್ಲಿ ಕನ್ನಡದಲ್ಲೂ ಒಂದು ಸಾಲು ಬರೆಯಿರಿ.

ಪ್ರಶ್ನೆ: ಇಂಥ ಲಂಗರುದಾಣದಲ್ಲಿ ಹೊಸ ಪರಿಚಿತರೊಡನೆ ಸುತ್ತಾಡುವುದು ಸುರಕ್ಷಿತವೇ? ಶಾರ್ಕ್‌ಗಳ ಭಯವಿಲ್ಲವೇ?
— ಓದುಗರೊಬ್ಬರು, ಕಾರವಾರ

ಉತ್ತರ: ಲಂಗರುದಾಣದಲ್ಲಿ ಕಾಣುವ ಕಪ್ಪು ತುದಿಯ ಹವಳದಿಬ್ಬದ ಶಾರ್ಕ್‌ಗಳು ಕೆಣಕದಿದ್ದರೆ ತಮ್ಮ ಪಾಡಿಗೆ ತಾವಿರುತ್ತವೆ. ನೀವು ಹೆದರಬೇಕಾದದ್ದು ಗಾಳಿಗೆ. ಆಗಸ್ಟ್‌ನ ಆಸುಪಾಸಿನ ತಿಂಗಳುಗಳಲ್ಲಿ ಆಗ್ನೇಯ ಮಾರುತ ಹಗಲಿರುಳೆನ್ನದೆ ಬೀಸುತ್ತಿರುತ್ತದೆ. ಮೋಟಾರು ಕೆಟ್ಟ ಡಿಂಗಿಯನ್ನು ಅದು ತೆರೆದ ಸಮುದ್ರದತ್ತ ತಳ್ಳಿದರೆ ಮುಂದಿನ ನೆಲ ಆಫ್ರಿಕಾದ ಕಡೆಗಿದೆ. ಏಕಾಂಗಿಯಾಗಿ ಭೂಮಿಯನ್ನು ಸುತ್ತಿದ ಮೊದಲ ನಾವಿಕ ಜೋಶುವಾ ಸ್ಲೋಕಂ 1897ರಲ್ಲಿ ಇಲ್ಲಿಯೇ ತಂಗಿದ್ದಾಗ, ದೊಡ್ಡ ಕಪ್ಪೆಚಿಪ್ಪುಗಳನ್ನು ತರಲೆಂದು ಹುಟ್ಟೇ ಇಲ್ಲದ ದೋಣಿಯೊಂದರಲ್ಲಿ ಜೊತೆಗಾರನೊಡನೆ ಹೋಗಿ, ಗಾಳಿಗೆ ಸಿಕ್ಕಿ, ಹೇಗೋ ದಡ ಮುಟ್ಟಿ ಬದುಕಿದರು. ಮಹಾಸಾಗರಗಳನ್ನೇ ದಾಟಿದವನಿಗೆ ಗಂಡಾಂತರ ಬಂದದ್ದು ಚಿಪ್ಪು ಆರಿಸಲು ಹೋದಾಗ ಎಂಬುದನ್ನು ಗಮನಿಸಿ. ಆದ್ದರಿಂದ ಎರಡು ಡಿಂಗಿಗಳು ಜೊತೆಯಾಗಿ ಹೊರಡಲಿ. ಹುಟ್ಟು, ಕುಡಿಯುವ ನೀರು, ಕೈರೇಡಿಯೊ, ಒಂದು ಚಿಕ್ಕ ಲಂಗರು ಎರಡರಲ್ಲೂ ಇರಲಿ. ನೆರೆಯವರ ಸ್ನೇಹದ ನಿಜವಾದ ಬೆಲೆ ನನಗೆ ತಿಳಿದದ್ದು ಊಟದ ಸಂಜೆಯಲ್ಲಲ್ಲ. ನಮ್ಮ ಮೋಟಾರು ನಿಂತು, ಹಿಂದಿನ ದಿನವಷ್ಟೇ ಪರಿಚಯವಾಗಿದ್ದ ದಂಪತಿಗಳು ಹಗ್ಗ ಎಸೆದ ಮಧ್ಯಾಹ್ನದಲ್ಲಿ.

ಡೈರೆಕ್ಷನ್ ದ್ವೀಪದ ಒಂದು ತುದಿಯಲ್ಲಿ ‘ದಿ ರಿಪ್’ ಎಂಬ ಕಾಲುವೆಯಿದೆ. ಕಡಲ ನೀರು ಹವಳದಿಬ್ಬವನ್ನು ಹಾದು ಲಗೂನಿನೊಳಗೆ, ಅಂದರೆ ದಿಬ್ಬ ಸುತ್ತುವರಿದ ಒಳಗಡಲಿಗೆ, ನುಗ್ಗುವಾಗ, ನೀರೊಳಗೆ ನೋಡಲು ನೆರವಾಗುವ ಈಜು ಮುಖವಾಡ ತೊಟ್ಟು ಮೇಲ್ತುದಿಯಲ್ಲಿ ಇಳಿದರೆ ಪ್ರವಾಹವೇ ನಿಮ್ಮನ್ನು ಮೀನುಗಳ ನಡುವೆ ತೇಲಿಸಿಕೊಂಡು ಹೋಗುತ್ತದೆ. ಎದುರೀಜಿ ಹಿಂತಿರುಗುವ ಯೋಚನೆ ಬೇಡ. ಮೊದಲ ಸಲ ತಿಳಿದವರ ಹಿಂದೆಯೇ ಇಳಿಯಿರಿ.

ಇದೇ ಸಮೂಹದ, ಜನವಸತಿಯಿರುವ ಹೋಮ್ ದ್ವೀಪಕ್ಕೆ ಹೋದಾಗ ಮಾತ್ರ ನಾವಿಕರ ಸಲಿಗೆಯನ್ನು ದೋಣಿಯಲ್ಲೇ ಬಿಟ್ಟು ಹೋಗಿ. ಅಲ್ಲಿರುವವರು ತೆಂಗಿನ ತೋಟಗಳ ದುಡಿಮೆಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕರೆತಂದ ಮಲಯರ ವಂಶಸ್ಥರು, ಇಸ್ಲಾಂ ಧರ್ಮೀಯರು. ಭುಜ, ತೊಡೆ ಮುಚ್ಚುವ ಉಡುಪಿರಲಿ, ಮದ್ಯ ಕೊಂಡೊಯ್ಯಬೇಡಿ. ಒಂದು ಕಾಲಕ್ಕೆ ತೋಟದ ಒಡೆಯರಾದ ಕ್ಲೂನಿಸ್-ರಾಸ್ ಮನೆತನದವರು ತಮ್ಮದೇ ‘ಕೋಕೋಸ್ ರೂಪಾಯಿ’ ಬಿಲ್ಲೆಗಳಲ್ಲಿ ಕೂಲಿ ಕೊಡುತ್ತಿದ್ದರು. ಅವು ನಡೆಯುತ್ತಿದ್ದುದು ಅವರದೇ ಅಂಗಡಿಯಲ್ಲಿ.

ಪ್ರಶ್ನೆ: ಮದ್ರಾಸಿನ ಮೇಲೆ ಗುಂಡು ಹಾರಿಸಿದ ಎಮ್ಡನ್ ಹಡಗು ಸೋತದ್ದು ಇಲ್ಲಿಯೇ ಅಲ್ಲವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹೌದು. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ತೈಲ ಸಂಗ್ರಹಾಗಾರಗಳಿಗೆ ಬೆಂಕಿ ಹಚ್ಚಿದ ಆ ಜರ್ಮನ್ ಯುದ್ಧನೌಕೆ, ನವೆಂಬರ್ 9ರಂದು ಡೈರೆಕ್ಷನ್ ದ್ವೀಪದ ತಂತಿ ಕೇಂದ್ರವನ್ನು ಹಾಳುಗೆಡವಲು ಒಂದು ತುಕಡಿಯನ್ನು ಇಳಿಸಿತು. ಅಷ್ಟರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನೌಕೆ ಬಂದೆರಗಿತು. ಜರ್ಜರಿತವಾದ ಎಮ್ಡನ್ ಉತ್ತರದ ಕೀಲಿಂಗ್ ದ್ವೀಪದ ಹವಳದಿಬ್ಬವನ್ನೇರಿ ನಿಂತಿತು. ಆ ದ್ವೀಪ ಈಗ ರಾಷ್ಟ್ರೀಯ ಉದ್ಯಾನ, ಅನುಮತಿಯಿಲ್ಲದೆ ಇಳಿಯುವಂತಿಲ್ಲ. ದಡದಲ್ಲಿ ಉಳಿದುಹೋದ ತುಕಡಿಯವರು ಕ್ಲೂನಿಸ್-ರಾಸ್ ಮನೆತನದ ಆಯೇಷಾ ಎಂಬ ಹಾಯಿಹಡಗನ್ನೇ ವಶಪಡಿಸಿಕೊಂಡು ಸುಮಾತ್ರಾದ ಪಡಾಂಗ್‌ನತ್ತ ಪಾರಾದರು. ಶತ್ರುಗಳು ರೇಡಿಯೊ ಕಂಬವನ್ನು ಉರುಳಿಸುವಾಗ, ಅದು ತಮ್ಮ ಟೆನಿಸ್ ಅಂಗಳದ ಮೇಲೆ ಬೀಳದಿರಲೆಂದು ಕೇಂದ್ರದ ಸಿಬ್ಬಂದಿ ಕೋರಿದರಂತೆ, ಜರ್ಮನ್ನರು ಹಾಗೆಯೇ ನಡೆಸಿಕೊಟ್ಟರಂತೆ.