ಕಣ್ಣು ಕಿವಿಗಳನ್ನೂ ಕೂಡಿಸಿಯೇ ಮಾರಬೇಕೆ?

ಮಾನ್ಯರೇ,

ಆಡುವವರ ಚಲನೆಯನ್ನು ನೋಡುವ, ಮಾತನ್ನು ಕೇಳುವ ಮೈಕ್ರೋಸಾಫ್ಟಿನ ಕಿನೆಕ್ಟ್ ಎಂಬ ಸಾಧನದ ಕುರಿತು ಹಿಂದಿನ ಸಂಚಿಕೆಯಲ್ಲಿ ನಾವು ಬರೆದ ಒಂದು ವಾಕ್ಯ ತಮ್ಮನ್ನು ಕೆಣಕಿದೆ. ಎಕ್ಸ್‌ಬಾಕ್ಸ್ ಒನ್ ಎಂಬ, ಟಿವಿಗೆ ಜೋಡಿಸಿ ಆಡುವ ಆಟದ ಯಂತ್ರದ (ಕನ್ಸೋಲಿನ) ಪೆಟ್ಟಿಗೆಯೊಳಗೆ ಕಿನೆಕ್ಟನ್ನು ಕಡ್ಡಾಯವಾಗಿ ಸೇರಿಸಿದ್ದೇ ತಪ್ಪು ಎಂದು ನಾವು ಹೇಳಿದ್ದೆವು; ಸೇರಿಸಿದ್ದು ತಪ್ಪಲ್ಲ, ಆರೇ ತಿಂಗಳಲ್ಲಿ ಹೊರಗೆ ತೆಗೆದದ್ದು ತಪ್ಪು ಎಂದು ತಾವು ಧಾರವಾಡದಿಂದ ನಾಲ್ಕು ಪುಟಗಳ ಪತ್ರ ಬರೆದಿದ್ದೀರಿ. ತಮ್ಮ ವಾದದ ತಿರುಳು ಇದು: ಚಲನೆಯನ್ನು ಗುರುತಿಸುವ, ಮಾತನ್ನು ಕೇಳಿಸಿಕೊಳ್ಳುವ ಸೆನ್ಸರು ಎಲ್ಲರ ಮನೆಯಲ್ಲೂ ಇದೆಯೆಂಬ ಭರವಸೆ ಇಲ್ಲದೆ ಯಾವ ಆಟದ ಕಂಪನಿಯೂ ಅದಕ್ಕಾಗಿ ಆಟ ಮಾಡುವುದಿಲ್ಲ; ಫೋನಿನಲ್ಲಿ ಕ್ಯಾಮೆರಾ, ಮೈಕುಗಳನ್ನು ಯಾರೂ ಬೇರೆಯಾಗಿ ಮಾರುವುದಿಲ್ಲ; ಕೈಬೆರಳುಗಳ ಮೇಲೆ ಹಿಡಿತವಿಲ್ಲದವರಿಗೆ ಮಾತಿನಿಂದ ನಡೆಯುವ ಯಂತ್ರ ಉಪಕಾರಿ. ಮೂರೂ ತಳ್ಳಿಹಾಕುವಂಥ ಮಾತುಗಳಲ್ಲ. ಆದರೂ ನಾವು ಬರೆದದ್ದನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಳ್ಳಲು ನನ್ನ ಮನಸ್ಸು ಒಪ್ಪುತ್ತಿಲ್ಲ, ಏಕೆಂದು ವಿವರಿಸುತ್ತೇನೆ.

ಮೊದಲಿಗೆ, ಕಿನೆಕ್ಟ್ ಗೆದ್ದ ಕಾಲವನ್ನು ನೆನೆಯೋಣ. 2010ರ ನವೆಂಬರ್ 4ರಂದು ಅಮೆರಿಕದಲ್ಲಿ ಅದು ಮಾರುಕಟ್ಟೆಗೆ ಬಂದಾಗ ಹಿಂದಿನ ತಲೆಮಾರಿನ ಎಕ್ಸ್‌ಬಾಕ್ಸ್ 360 ಕನ್ಸೋಲಿಗೆ ಐದು ವರ್ಷ ತುಂಬುತ್ತ ಬಂದಿತ್ತು. ಕನ್ಸೋಲನ್ನು ಈಗಾಗಲೇ ಕೊಂಡಿದ್ದವರು ಮತ್ತೆ 150 ಡಾಲರ್ ತೆತ್ತು ಅದನ್ನು ಬೇರೆಯಾಗಿಯೇ ಮನೆಗೆ ತರಬೇಕಿತ್ತು. ಹಾಗೆ ತಂದವರು ಕಡಿಮೆಯೇನಲ್ಲ. ಮೊದಲ 60 ದಿನಗಳಲ್ಲಿ 80 ಲಕ್ಷ ಕಿನೆಕ್ಟುಗಳು ಮಾರಾಟವಾದವು, ಅಷ್ಟು ವೇಗವಾಗಿ ಮಾರಾಟವಾದ ಗ್ರಾಹಕ ಎಲೆಕ್ಟ್ರಾನಿಕ್ ಸಾಧನ ಇನ್ನೊಂದಿಲ್ಲವೆಂದು ಗಿನ್ನೆಸ್ ದಾಖಲೆಯೂ ಆಯಿತು. ಎಲ್ಲರ ಮನೆಯಲ್ಲೂ ಇರಲೇಬೇಕೆಂಬ ಕಟ್ಟುಪಾಡಿಲ್ಲದೆಯೇ ಆಟಗಳೂ ಬಂದವು, ಕೊಳ್ಳುವವರೂ ಬಂದರು. ಕಡ್ಡಾಯ ಮಾಡಿದ್ದು ಅದರ ನಂತರ.

ಆ ಮೊದಲ ಕಿನೆಕ್ಟನ್ನು ನಾನು ಹತ್ತಿರದಿಂದ ಕಂಡದ್ದು ಮೈಸೂರಿನ ನಮ್ಮಕ್ಕನ ಮನೆಯಲ್ಲಿ, ಒಂದು ದೀಪಾವಳಿಯ ರಜೆಯಲ್ಲಿ. ಟಿವಿಯ ಕೆಳಗೆ ಕೂತಿದ್ದ ಆ ಉದ್ದನೆಯ ಕಪ್ಪು ಪಟ್ಟಿಯೊಳಗಿಂದ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನ ಸಾವಿರಾರು ಚುಕ್ಕಿಗಳು ಕೋಣೆಯ ತುಂಬ ಚೆಲ್ಲುತ್ತವೆ. ಪಕ್ಕದ ಕ್ಯಾಮೆರಾ ಆ ಚುಕ್ಕಿಗಳು ಎಲ್ಲೆಲ್ಲಿ ಎಷ್ಟೆಷ್ಟು ಜರುಗಿವೆ ಎಂಬುದನ್ನು ನೋಡಿ ಯಾವ ವಸ್ತು ಎಷ್ಟು ದೂರದಲ್ಲಿದೆಯೆಂದು ಲೆಕ್ಕ ಹಾಕುತ್ತದೆ. ಆ ಲೆಕ್ಕದಿಂದ ಆಡುವವರ ಮೈಯ 20 ಕೀಲುಗಳ ಒಂದು ಗೊಂಬೆ ತಯಾರಾಗುತ್ತದೆ. ಇದ್ಯಾವುದೂ ತಿಳಿಯದ ಅಕ್ಕನ ಅತ್ತೆಯವರು, ಆಗ ಎಪ್ಪತ್ತು ದಾಟಿದವರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಏನೂ ಇಲ್ಲದೆ ತೋಳು ಬೀಸಿ ಬೌಲಿಂಗ್ ಚೆಂಡನ್ನು ಉರುಳಿಸಿದರು. ಹತ್ತೂ ಗೂಟಗಳು ಬಿದ್ದಾಗ ಅವರು ನಕ್ಕದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ಆಟಕ್ಕೆ ಒಬ್ಬರೇ ಆದರೂ ಸೆನ್ಸರಿನಿಂದ ಆರಡಿ, ಇಬ್ಬರಾದರೆ ಎಂಟಡಿ ದೂರ ನಿಲ್ಲಬೇಕು. ಹಾಲಿನ ದಿವಾನವನ್ನು ಇಬ್ಬರು ಎತ್ತಿ ಊಟದ ಮನೆಗೆ ಸಾಗಿಸಿದ್ದೆವು, ಟೀಪಾಯಿಯನ್ನು ಬಾಲ್ಕನಿಗೆ ಹಾಕಿದ್ದೆವು. ನೆಂಟರು ಹೊರಟ ಮೇಲೆ ದಿವಾನ ತನ್ನ ಜಾಗಕ್ಕೆ ಮರಳಿತು; ಆಮೇಲೆ ಆ ಆಟ ನಡೆದದ್ದು ಹಬ್ಬಹರಿದಿನಗಳಲ್ಲಿ ಮಾತ್ರ. ಇದು ಯಂತ್ರದ ದೋಷವಲ್ಲ, ನಮ್ಮ ಮನೆಗಳ ಅಳತೆ. ಹಬ್ಬಕ್ಕೆ ಹೊರತೆಗೆಯುವ ಪಾತ್ರೆಯನ್ನು ದಿನದ ಅಡುಗೆಯ ಸೆಟ್ಟಿನೊಂದಿಗೆ ಎಲ್ಲರ ತಲೆಗೂ ಕಟ್ಟಬೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಸೆನ್ಸರನ್ನು ಕೂಡಿಸಿಯೇ ಮಾರಿದ್ದಕ್ಕೆ ತಾವು ಉದಾಹರಿಸಿರುವ ನಿಂಟೆಂಡೊ ಕಂಪನಿಯ ವೀ ಬೇರೆಯ ಜಾತಿಯದು. 2006ರ ನವೆಂಬರಿನಲ್ಲಿ ಬಂದ ಆ ಕನ್ಸೋಲಿನಲ್ಲಿ ಚಲನೆಯ ಸೆನ್ಸರು ಇದ್ದದ್ದು ಕೈಯಲ್ಲಿ ಹಿಡಿಯುವ ರಿಮೋಟಿನೊಳಗೆ. ಆಟದ ಗುಂಡಿಗಳೂ ಅದರಲ್ಲೇ, ಬ್ಯಾಟೂ ಅದೇ, ರಾಕೆಟ್ಟೂ ಅದೇ. ಅದನ್ನು ಪೆಟ್ಟಿಗೆಯಿಂದ ತೆಗೆದರೆ ಉಳಿಯುವುದು ಆಡಲಿಕ್ಕೇ ಬಾರದ ಒಂದು ಬಿಳಿ ಡಬ್ಬಿ. ಅಮೆರಿಕದಲ್ಲಿ ಟೆನಿಸ್, ಬೌಲಿಂಗುಗಳ ಆಟದ ತಟ್ಟೆಯನ್ನೂ ಜೊತೆಗೇ ಕೊಟ್ಟಿದ್ದರಿಂದ ಪೆಟ್ಟಿಗೆ ಬಿಚ್ಚಿದ ಹತ್ತು ನಿಮಿಷದಲ್ಲಿ ಆ ಸೆನ್ಸರು ಏಕಿದೆ ಎಂಬುದು ಮಕ್ಕಳಿಗೂ ಅಜ್ಜಿಯರಿಗೂ ಗೊತ್ತಾಗುತ್ತಿತ್ತು. (ಉತ್ಸಾಹ ಮಿತಿಮೀರಿ ರಿಮೋಟು ಕೈಜಾರಿ ಹಾರತೊಡಗಿದಾಗ, ಅದೇ ಡಿಸೆಂಬರಿನಲ್ಲಿ ಸುಮಾರು 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನು ಬದಲಿಸಿಕೊಡಲು ನಿಂಟೆಂಡೊ ಮುಂದಾಗಬೇಕಾಯಿತು!) ಅದೇ ಕಂಪನಿ, ಮೇಲೆ ನಿಂತು ಆಡುವ ತೂಕದ ಹಲಗೆಯನ್ನೂ ಕೋಣೆಯ ಮಾತು ಕೇಳುವ ಮೈಕನ್ನೂ ಮುಂದೆ ತಂದಾಗ ಕನ್ಸೋಲಿನ ಪೆಟ್ಟಿಗೆಗೆ ಸೇರಿಸಲಿಲ್ಲ, ಬೇಕಾದವರು ಆಟದ ಸಮೇತ ಬೇರೆಯಾಗಿ ಕೊಳ್ಳಲಿ ಎಂದು ಬಿಟ್ಟಿತು.

ಈಗ 2013ಕ್ಕೆ ಬರೋಣ. ಮೇ 21ರಂದು ಎಕ್ಸ್‌ಬಾಕ್ಸ್ ಒನ್ ಘೋಷಣೆಯಾದಾಗ ಕಿನೆಕ್ಟನ್ನು ಜೋಡಿಸದೆ ಕನ್ಸೋಲು ಕೆಲಸವನ್ನೇ ಮಾಡುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತು. ಯಂತ್ರದ ದೃಷ್ಟಿಯಿಂದ ಅದು ಹಿಂದಿನದಕ್ಕಿಂತ ಎಷ್ಟೋ ಮೇಲು: ಚುಕ್ಕಿಗಳ ಬದಲು, ಹೊರಟ ಬೆಳಕು ಮರಳಿ ಬರಲು ಹಿಡಿಯುವ ಹೊತ್ತಿನಿಂದ ದೂರವನ್ನು ಅಳೆಯುವ ವಿಧಾನ, ಒಮ್ಮೆಗೆ ಆರು ಜನರ ಮೈಕೀಲುಗಳ ಲೆಕ್ಕ, ಟಿವಿಯ ಸದ್ದನ್ನು ಬದಿಗಿಟ್ಟು ಕೂತವರ ಮಾತನ್ನು ಹೆಕ್ಕಿಕೊಳ್ಳುವ ನಾಲ್ಕು ಮೈಕುಗಳು. ಇದನ್ನು ಮಾಡಿದ ಎಂಜಿನಿಯರುಗಳ ಬಗ್ಗೆ ನನಗೆ ಗೌರವವೇ ಇದೆ. ಆದರೆ ಜೂನ್ 10ರಂದು ಬೆಲೆಗಳು ಹೊರಬಿದ್ದವು. ಎಕ್ಸ್‌ಬಾಕ್ಸಿಗೆ 499 ಡಾಲರ್, ಸೋನಿಯ ಪ್ಲೇಸ್ಟೇಷನ್ 4ಕ್ಕೆ 399. ಆ ನೂರು ಡಾಲರಿನ ಅಂತರದಲ್ಲಿ ಕಿನೆಕ್ಟಿನದೇ ದೊಡ್ಡ ಪಾಲು. ಕನ್ಸೋಲನ್ನು ಬಿಚ್ಚಿ ಬಿಡಿಭಾಗಗಳ ಬೆಲೆ ಕಟ್ಟಿದ ಐಎಚ್ಎಸ್ ಸಂಸ್ಥೆ ಕಿನೆಕ್ಟ್ ಒಂದಕ್ಕೇ ಸುಮಾರು 75 ಡಾಲರ್ ಖರ್ಚಾಗಿದೆಯೆಂದು ಅಂದಾಜಿಸಿತು.

ಸೋನಿ ಏನು ಮಾಡಿತೆಂಬುದನ್ನು ತಾವು ಗಮನಿಸಬೇಕು, ಏಕೆಂದರೆ ನನ್ನ ಉತ್ತರ ಇರುವುದು ಅಲ್ಲೇ. ಚಲನೆಯ ಸೆನ್ಸರನ್ನು ಅದು ಕೈಬಿಡಲಿಲ್ಲ. ಪ್ರತಿಯೊಂದು ಕಂಟ್ರೋಲರಿನೊಳಗೂ ಇಟ್ಟಿತು. ಮೈಕನ್ನೂ ಕೈಬಿಡಲಿಲ್ಲ, ಒಂದೇ ಕಿವಿಗೆ ಸಿಕ್ಕಿಸಿಕೊಳ್ಳುವ ಅಗ್ಗದ ಹೆಡ್‌ಸೆಟ್ಟೊಂದನ್ನು ಪೆಟ್ಟಿಗೆಯೊಳಗೆ ಹಾಕಿತು. ಹೊರಗಿಟ್ಟದ್ದು ಕ್ಯಾಮೆರಾವನ್ನು, ಅದನ್ನು ಸುಮಾರು 60 ಡಾಲರಿಗೆ ಬೇರೆಯಾಗಿ ಮಾರಿತು. ಎಂದರೆ ಆಡುವವನ ಕೈಯನ್ನೂ ಬಾಯನ್ನೂ ಮಾತ್ರ ಅರಿಯುವ ಸೆನ್ಸರುಗಳು ಒಳಗೆ, ಇಡೀ ಕೋಣೆಯನ್ನು ನೋಡುವಂಥದ್ದು ಹೊರಗೆ. ಇದು ಉಳಿತಾಯದ ಲೆಕ್ಕಾಚಾರವೇ ಇರಬಹುದು, ತತ್ತ್ವಚಿಂತನೆ ಆಗಿರಲಾರದು. ಆದರೂ ಗೆರೆ ಬಿದ್ದದ್ದು ಸರಿಯಾದ ಜಾಗದಲ್ಲಿ.

ಈ ಗೆರೆಗೆ ಬೆಲೆಯೊಂದೇ ಕಾರಣವಲ್ಲ. ರಿಮೋಟನ್ನು ಹಿಡಿದವನು ತನ್ನ ಇಚ್ಛೆಯಿಂದ ಹಿಡಿದಿರುತ್ತಾನೆ, ಮೇಜಿನ ಮೇಲಿಟ್ಟರೆ ಅಲ್ಲಿಗೆ ಮುಗಿಯಿತು. ಟಿವಿಯ ಪಕ್ಕದ ಕ್ಯಾಮೆರಾ ಮತ್ತು ಮೈಕಿನ ಮುಂದೆ ಕನ್ಸೋಲನ್ನು ಕೊಳ್ಳದವರೂ ಓಡಾಡುತ್ತಾರೆ: ಮನೆಗೆಲಸದವರು, ಹಾಲು ಕೊಡಲು ಬಂದವರು, ಪಕ್ಕದ ಮನೆಯ ಮಗು, ದೇವರ ಮುಂದೆ ಕೂತು ತಮ್ಮಷ್ಟಕ್ಕೆ ಮಾತಾಡಿಕೊಳ್ಳುವ ಅಜ್ಜಿ. ಎಕ್ಸ್‌ಬಾಕ್ಸ್ ಒನ್ ಘೋಷಣೆಯಾದ ಹದಿನೈದು ದಿನಗಳ ಮೇಲೆ, ಜೂನ್ ಮೊದಲ ವಾರದಲ್ಲಿ, ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳು ಅಚ್ಚಾಗತೊಡಗಿದವು. ಪ್ರಿಸಂ ಎಂಬ ಅಮೆರಿಕದ ಬೇಹುಗಾರಿಕೆಯ ಯೋಜನೆಯ ಕಡತದಲ್ಲಿ ಮೈಕ್ರೋಸಾಫ್ಟಿನ ಹೆಸರೂ ಇತ್ತು. ಕಿನೆಕ್ಟ್ ಯಾರ ಮನೆಯ ಮಾತನ್ನಾದರೂ ಕದ್ದು ಕಳಿಸಿತೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ಸದಾ ಕಿವಿ ತೆರೆದ ಯಂತ್ರವೊಂದನ್ನು ಕಡ್ಡಾಯ ಮಾಡಲು ಅದಕ್ಕಿಂತ ಕೆಟ್ಟ ಮುಹೂರ್ತ ಸಿಗುತ್ತಿರಲಿಲ್ಲ. ಆ ಕಿವಿಗೆ ಯಜಮಾನನ ದನಿ ಯಾವುದು, ಪರರ ದನಿ ಯಾವುದು ಎಂಬ ಭೇದವೂ ಇರಲಿಲ್ಲ. 2014ರ ಜೂನಿನಲ್ಲಿ ನಟ ಆ್ಯರನ್ ಪಾಲ್ ಟಿವಿ ಜಾಹೀರಾತಿನಲ್ಲಿ “ಎಕ್ಸ್‌ಬಾಕ್ಸ್ ಆನ್” ಎಂದಾಗ, ಅದನ್ನು ನೋಡುತ್ತಿದ್ದ ಕೆಲವರ ಮನೆಗಳಲ್ಲಿ ಕನ್ಸೋಲುಗಳು ತಾವಾಗಿಯೇ ಎದ್ದು ಕೂತ ಸುದ್ದಿ ಆಗ ದೊಡ್ಡ ತಮಾಷೆಯಾಗಿತ್ತು.

ಫೋನಿನ ಹೋಲಿಕೆ ಇಲ್ಲಿಯೇ ಸಡಿಲವಾಗುತ್ತದೆ. ಫೋನಿನ ಕ್ಯಾಮೆರಾವನ್ನು ಯಾವ ಕಡೆ ತಿರುಗಿಸಬೇಕೆಂದು ನಿರ್ಧರಿಸುವವರು ನಾವು, ಮತ್ತು ದಿನಕ್ಕೆ ಹತ್ತು ಸಲ ಅದು ಬೇಕಾಗುತ್ತದೆ. ಇನ್ನೊಂದು ಕಡೆ ತಾವು, 2013ರಲ್ಲಿ ಕಿನೆಕ್ಟಿಗೆ ಹೆದರಿದ ಜನರೇ ಮುಂದೆ ಅಮೆಜಾನಿನ ಎಕೋವನ್ನು ಅಡುಗೆಮನೆಗೆ ಕರೆತಂದರಲ್ಲ ಎಂದು ಚುಚ್ಚಿದ್ದೀರಿ. ಚುಚ್ಚಿದ್ದು ನಾಟಿದೆ. ಆದರೂ ಎಕೋವನ್ನು ತಂದವರು ಮಾತು ಕೇಳುವ ಯಂತ್ರ ಬೇಕೆಂದೇ ತಂದವರು. ಕಾರಿನ ಆಟ ಆಡೋಣವೆಂದು ಹೋದವರಿಗೆ ಅಂಗಡಿಯವನು ಅದನ್ನು ಗಂಟುಹಾಕಿ ಕಳಿಸಿದ್ದಲ್ಲ. ಹಿಂದೊಮ್ಮೆ ಹೊಸ ಗ್ಯಾಸ್ ಸಂಪರ್ಕ ಕೇಳಲು ಹೋದ ನನಗೆ, ಒಲೆಯನ್ನೂ ನಮ್ಮಲ್ಲೇ ಕೊಂಡರೆ ಮಾತ್ರ ಸಿಲಿಂಡರ್ ಎಂದು ಒಂದು ಏಜೆನ್ಸಿಯವರು ಪಟ್ಟುಹಿಡಿದಿದ್ದರು. ಒಲೆ ಚೆನ್ನಾಗಿಯೇ ಇತ್ತು. ಮನೆಯಲ್ಲಿ ಇನ್ನೊಂದು ಒಲೆ ಇತ್ತು, ಅಷ್ಟೇ.

ಇನ್ನು ತಮ್ಮ ಬಲವಾದ ವಾದ. ಎಲ್ಲರ ಮನೆಯಲ್ಲೂ ಇದ್ದರೆ ಆಟಗಳು ಬರುತ್ತಿದ್ದವು, ಕಾಯುವ ತಾಳ್ಮೆ ಕಂಪನಿಗೆ ಇರಲಿಲ್ಲ ಎನ್ನುತ್ತೀರಿ. ದಿನಾಂಕಗಳು ತಮ್ಮ ಪರವಾಗಿವೆ. ಕನ್ಸೋಲು 13 ದೇಶಗಳಲ್ಲಿ ಬಿಡುಗಡೆಯಾದದ್ದು 2013ರ ನವೆಂಬರ್ 22ರಂದು. ಮೈಕ್ರೋಸಾಫ್ಟಿನದೇ ಕಿನೆಕ್ಟ್ ಸ್ಪೋರ್ಟ್ಸ್ ರೈವಲ್ಸ್ ಎಂಬ ಆಟ ಬಂದದ್ದು ಮರು ಏಪ್ರಿಲಿನಲ್ಲಿ. ಕಿನೆಕ್ಟ್ ಇಲ್ಲದ ಕನ್ಸೋಲನ್ನು 399 ಡಾಲರಿಗೆ ಕೊಡುವುದಾಗಿ ಪ್ರಕಟಿಸಿದ್ದು ಮೇ 13ರಂದು. ಮನೆಯೊಡೆಯನ ಸ್ವಂತ ಆಟ ಬಂದು ಒಂದೂವರೆ ತಿಂಗಳೂ ಆಗಿರಲಿಲ್ಲ. ಎಲ್ಲರ ಬಳಿಯೂ ಸೆನ್ಸರು ಇದ್ದೇ ಇರುತ್ತದೆಂದು ನಂಬಿ ಕೆಲಸ ಹಿಡಿದಿದ್ದ ಹಾರ್ಮೋನಿಕ್ಸ್‌ನಂಥ ತಂಡಗಳಿಗೆ ಇದು ಅನ್ಯಾಯವೇ. ಆದರೆ ಬೇರು ಅದಕ್ಕೂ ಮೊದಲೇ ಕಿತ್ತಿತ್ತು ಎಂದು ನನ್ನ ಅಭಿಪ್ರಾಯ. ಬಿಡುಗಡೆಗೆ ಮುನ್ನವೇ, 2013ರ ಆಗಸ್ಟಿನಲ್ಲಿ, ಕಿನೆಕ್ಟನ್ನು ಕಳಚಿಟ್ಟರೂ ಕನ್ಸೋಲು ನಡೆಯುತ್ತದೆಂದು ಕಂಪನಿ ಒಪ್ಪಿಕೊಂಡಿತ್ತು. ಕಳಚಿಟ್ಟರೆ ನಡೆಯುವ ವಸ್ತುವಿಗೆ ಕಡ್ಡಾಯವಾಗಿ ಹಣ ಕೇಳುವುದು ಹೇಗೆ? ಮೊದಲ ದಿನವೇ, ಕೈಬೀಸಿ ಆಡದೆ ಬೇರೆ ದಾರಿಯೇ ಇಲ್ಲವೆನ್ನುವಂಥ ಒಂದು ಆಟ ಪೆಟ್ಟಿಗೆಯೊಳಗೆ ಇದ್ದಿದ್ದರೆ ತಮ್ಮ ಮಾತಿಗೆ ನಾನು ತಲೆಬಾಗುತ್ತಿದ್ದೆ. ಇದ್ದದ್ದು ಮುಖ ನೋಡಿ ಗುರುತು ಹಿಡಿಯುವುದು, ಮಾತಿನಿಂದ ಆಟಗಳನ್ನು ತೆರೆಯುವುದು, ಇಂಥವು. ಸೌಕರ್ಯಗಳು, ಸರಿ; ಆದರೆ ಅವುಗಳಿಗಾಗಿ ಕನ್ಸೋಲಿನಲ್ಲಿ ಮೀಸಲಿಟ್ಟುಕೊಂಡ ಗ್ರಾಫಿಕ್ಸ್ ಸಾಮರ್ಥ್ಯವನ್ನು ಬಿಟ್ಟುಕೊಟ್ಟಾಗ ಉಳಿದ ಆಟಗಳಿಗೆ ಶೇಕಡಾ 10ರವರೆಗೆ ಹೆಚ್ಚಿನ ಬಲ ದಕ್ಕಿತು. 2014ರ ಮೇ ತಿಂಗಳಿಗೆ ಹೋಲಿಸಿದರೆ, ಕಿನೆಕ್ಟ್ ಇಲ್ಲದ ಕನ್ಸೋಲು ಅಂಗಡಿಗೆ ಬಂದ ಜೂನಿನಲ್ಲಿ ಅಮೆರಿಕದ ಮಾರಾಟ ಎರಡು ಪಟ್ಟಿಗೂ ಮೀರಿತೆಂದು ಕಂಪನಿಯೇ ಹೇಳಿಕೊಂಡಿತು.

ಭಾರತಕ್ಕೆ ಎಕ್ಸ್‌ಬಾಕ್ಸ್ ಒನ್ ಬಂದದ್ದು 2014ರ ಸೆಪ್ಟೆಂಬರಿನಲ್ಲಿ, ಎಂದರೆ ಕಡ್ಡಾಯ ತಪ್ಪಿದ ಮೇಲೆ. ಕಿನೆಕ್ಟ್ ಇಲ್ಲದ್ದು 39,990 ರೂಪಾಯಿ, ಇದ್ದದ್ದು 45,990. ಆರು ಸಾವಿರ ಕೊಟ್ಟು ತಂದ ಆ ಕಿವಿಗೆ ಕನ್ನಡ ಬರುತ್ತಿರಲಿಲ್ಲ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಕಾದವರು ಕೊಳ್ಳಲಿ, ಬೇಡದವರು ಬಿಡಲಿ ಎಂಬ ಅವಕಾಶ ನಮಗಾದರೂ ಮೊದಲ ದಿನದಿಂದ ಸಿಕ್ಕಿತು.

ತಮ್ಮ ಮೂರನೆಯ ಮಾತಿನ ಮುಂದೆ ನಾನು ಸುಮ್ಮನಾಗುತ್ತೇನೆ. ಬೆರಳು ಬಾಗದ ತಮ್ಮ ತಮ್ಮನವರು ಮಾತಿನಿಂದಲೇ ಟಿವಿಯಲ್ಲಿ ಚಿತ್ರ ಹಾಕಿಕೊಳ್ಳುತ್ತಿದ್ದರು, ಆ ಕನ್ಸೋಲು ಕೆಟ್ಟ ಮೇಲೆ ಹೊಸದಕ್ಕೆ ಕಿನೆಕ್ಟ್ ಕೂಡಲಿಲ್ಲ ಎಂದು ಬರೆದಿದ್ದೀರಿ. ಕಿನೆಕ್ಟನ್ನು ಬೇರೆಯಾಗಿ ಮಾರುವುದು ಬೇರೆ, ಮಾರುವುದನ್ನೇ ನಿಲ್ಲಿಸುವುದು ಬೇರೆ. ನಮ್ಮ ಲೇಖನ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿತ್ತು, ಆ ತಪ್ಪನ್ನು ಒಪ್ಪುತ್ತೇನೆ. 2016ರ ಎಕ್ಸ್‌ಬಾಕ್ಸ್ ಒನ್ ಎಸ್‌ನಲ್ಲಿ ಕಿನೆಕ್ಟ್ ಚುಚ್ಚುವ ಕಿಂಡಿಯೇ ಇರಲಿಲ್ಲ, ಅಡಾಪ್ಟರ್ ಬೇಕಾಯಿತು. 2017ರ ಅಕ್ಟೋಬರಿನಲ್ಲಿ ಕಿನೆಕ್ಟಿನ ತಯಾರಿಕೆ ನಿಂತಿತು. ಕೆಲವೇ ತಿಂಗಳಲ್ಲಿ ಅಡಾಪ್ಟರಿನದೂ ನಿಂತಿತು. 2018ರಲ್ಲಿ ಅದೇ ಕಂಪನಿ ಅಂಗವಿಕಲರಿಗಾಗಿ ದೊಡ್ಡ ಗುಂಡಿಗಳ ಅಡಾಪ್ಟಿವ್ ಕಂಟ್ರೋಲರನ್ನು ಹೊರತಂದಿತು. ಅದನ್ನು ಬೇರೆಯಾಗಿಯೇ ಮಾರುತ್ತಾರೆ, ಬೇಕಾದವರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಕಿನೆಕ್ಟಿಗೂ ಅಂಥ ಒಂದು ಮೂಲೆ ಉಳಿಸಬೇಕಿತ್ತು.

2025ರ ಜೂನಿನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಎಲ್ಲಿ ನಿಂತಿದೆ ನೋಡಿ. ಚಲನೆಯ ಸೆನ್ಸರುಗಳು ಕಂಟ್ರೋಲರಿನಲ್ಲಿವೆ. ಕೋಣೆಯ ಸದ್ದನ್ನು ಸೋಸಿ ಮಾತನ್ನು ಹಿಡಿಯುವ ಮೈಕು ಕನ್ಸೋಲಿನೊಳಗೇ ಇದೆ; ಮಾತಿನ ಹರಟೆ ಶುರುವಾಗಬೇಕಾದರೆ ಆಡುವವರು ಅದಕ್ಕೆಂದೇ ಇಟ್ಟ ಗುಂಡಿಯನ್ನು ಒತ್ತಬೇಕು. ಕ್ಯಾಮೆರಾ ಬೇಕಾದವರು ಮಾತ್ರ ಬೇರೆ ಕೊಳ್ಳಬೇಕು. ಮೈಕಿನ ಮಟ್ಟಿಗೆ ಇದು ನನ್ನ ಗೆರೆಯನ್ನು ತುಸು ದಾಟಿದೆ. ಗುಂಡಿಯಿರುವುದರಿಂದ ನನಗೆ ಅಡ್ಡಿಯಿಲ್ಲ.

ಕಡೆಯಲ್ಲಿ, ಅಟ್ಟದ ಮೇಲಿರುವ ಎರಡನೆಯ ತಲೆಮಾರಿನ ಕಿನೆಕ್ಟನ್ನು ಏನು ಮಾಡಲಿ ಎಂದು ಕೇಳಿದ್ದೀರಿ. ಇಂದಿನ ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲುಗಳಿಗೆ ಅದು ಕೂಡುವುದಿಲ್ಲ. ಹಾಗೆಂದು ಗುಜರಿಗೆ ಹಾಕಬೇಡಿ. ಅಡಾಪ್ಟರ್ ಸಿಕ್ಕರೆ ಯುಎಸ್‌ಬಿ 3.0 ಇರುವ ವಿಂಡೋಸ್ ಕಂಪ್ಯೂಟರಿಗೆ ಅದನ್ನು ಜೋಡಿಸಬಹುದು; ಹೊಸ ಅಡಾಪ್ಟರ್ ಸಿಗುವುದು ಕಷ್ಟ, ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆ ಹೋಗುವವರಿದ್ದರೆ ಹಳೆಯದನ್ನು ವಿಚಾರಿಸಲು ಹೇಳಿ. ರೋಬೋಟ್ ಕಟ್ಟುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ದೂರ ಅಳೆಯುವ ಆ ಕ್ಯಾಮೆರಾ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಧಾರವಾಡ, ಹುಬ್ಬಳ್ಳಿಗಳಲ್ಲಿ ಅಂಥವರಿಗೆ ಬರವಿಲ್ಲ.

— ಸಂಪಾದಕ